ಮೇಲಿನ ಮನೆಯ ನೀರು

ಹಗೇದ ಓಣಿ, ಕೊಪ್ಪಳ
೨೪ ಜುಲೈ ೨೦೨೪

ಗಂಗಾವತಿಯಲ್ಲಿರುವ ಸಿದ್ದಲಿಂಗೇಶ ಅವರಿಗೆ, ಕೊಪ್ಪಳದ ಮನೆಯಿಂದ ಶಿವಲೀಲಾಳ ನಮಸ್ಕಾರ.

ಗಂಡನಿಗೆ ಕಾಗದ ಬರೆಯುವಾಗ ಮೊದಲ ಸಾಲಿನಲ್ಲಿ ಏನೆಂದು ಕರೆಯಬೇಕೆಂದು ನನಗೆ ಯಾರೂ ಕಲಿಸಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಕಲಿಸಿದ್ದು ಪೋಸ್ಟ್‌ಮಾಸ್ಟರಿಗೂ ಮುಖ್ಯೋಪಾಧ್ಯಾಯಿನಿಗೂ ಬರೆಯುವುದನ್ನು, ಅದೂ ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ನೀವು ವಕೀಲರ ನೋಟೀಸು ಬಂತು ಅನ್ನುತ್ತೀರಿ. ಫೋನ್ ಮಾಡಿದರೆ ಮೂರನೆಯ ಮಾತಿಗೆ ಇಬ್ಬರ ದನಿಯೂ ಏರುತ್ತದೆ. ವಾಟ್ಸ್ಯಾಪಿನಲ್ಲಿ ಏನು ಕಳಿಸಿದರೂ ನಿಮ್ಮಿಂದ ಹೆಬ್ಬೆರಳಿನ ಗುರುತು ಬರುತ್ತದೆ. ಪಕ್ಕದ ಮನೆಯ ಮುದಕಮ್ಮತ್ತೆಯವರ ಗೋಡೆ ನೆನೆದು ಪದರು ಬಿಡುತ್ತಿದೆ ಎಂದು ಫೋಟೋ ಕಳಿಸಿದ್ದಕ್ಕೂ ಆ ಹೆಬ್ಬೆರಳೇ ಬಂತು. ನೋಡಿದೆ ಎಂದೋ, ಆಗಲಿ ಎಂದೋ, ಸಾಕು ಬಿಡು ಎಂದೋ ತಿಳಿಯದೆ ಅರ್ಧ ದಿನ ಅದನ್ನೇ ನೋಡುತ್ತ ಕೂತಿದ್ದೆ. ಅದಕ್ಕೇ ಈ ಕಾಗದ.

ವಿಷಯ ಒಂದೇ. ನಮ್ಮ ಮಾಳಿಗೆಯ ಸುತ್ತ ನೀವು ಕಟ್ಟಿಸಿದ ಸೊಂಟದೆತ್ತರದ ಗೋಡೆಯಲ್ಲಿ ಎರಡು ಕಡೆ ಒಡೆಸಿ ನೀರಿಗೆ ದಾರಿ ಬಿಡಬೇಕು. ಮೇಲಿನ ಮನೆಯ, ಅಂದರೆ ಮುದಕಮ್ಮತ್ತೆಯವರ ಕಡೆ ಒಂದು. ಕೆಳಗಿನ ಮನೆಯ ಖಲಂದರ ಸಾಹೇಬರ ಕಡೆ ಒಂದು. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು, ಶ್ರಾವಣ ಹತ್ತುವುದರೊಳಗೆ ಬೇಕು.

ಇಷ್ಟಕ್ಕೇ ನಿಲ್ಲಿಸಿದರೆ ಬರಿಯ ಹಟ ಎಂದು ನಿಮಗೆ ಅನ್ನಿಸುತ್ತದೆ. ಆದ್ದರಿಂದ ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಓಣಿಯಲ್ಲಿ ಹುಟ್ಟಿದವರು ನೀವು, ಆದರೆ ಹೊರಗಿನಿಂದ ಬಂದ ನಾನು ಇದನ್ನು ನೋಡಿ ನೋಡಿ ಕಲಿಯಬೇಕಾಯಿತು.

ಕೋಟೆಯ ಗುಡ್ಡದ ಬುಡದಿಂದ ಕೆಳಗಿನ ಬಾವಿಯವರೆಗೆ ನಮ್ಮ ಓಣಿ ಇಳಿಜಾರಿನಲ್ಲಿದೆ. ಜೋಳದ ವ್ಯಾಪಾರಿಗಳು ಇಲ್ಲಿ ಮನೆ ಕಟ್ಟಿ, ಮನೆಯ ಮುಂದೆ ಬೀದಿಯ ಅಡಿಯಲ್ಲಿ ಕಾಳು ತುಂಬುವ ಹಗೇವು ತೋಡಿಸಿದರು, ಅದಕ್ಕೇ ಈ ಹೆಸರು. ಎಷ್ಟು ಹಳೆಯದು ಎಂದು ಖಚಿತವಾಗಿ ಹೇಳಲು ನನಗೆ ಆಧಾರ ಸಿಕ್ಕಿಲ್ಲ. ಬಾಗಿಲ ಚೌಕಟ್ಟು, ಬೋದಿಗೆ, ಗಚ್ಚಿನ ಕೆಲಸ ನೋಡಿದರೆ ನೂರೈವತ್ತು ವರ್ಷ ಎನ್ನಬಹುದು. ನೀವು ಹೋಂಸ್ಟೇ ಬೋರ್ಡಿನಲ್ಲಿ ಮುನ್ನೂರು ಎಂದು ಬರೆಸಿದಿರಿ. ಅದರ ಮೇಲೆ ಈಗ ಜಗಳವಾಡುವುದಿಲ್ಲ.

ಎರಡು ಮನೆಗೆ ಒಂದೇ ಗೋಡೆ. ಓಣಿಗೆಲ್ಲ ಒಂದೇ ಮಾಳಿಗೆ. ತೊಲೆ, ಜಂತಿ, ಅದರ ಮೇಲೆ ಮಣ್ಣು. ಮನೆಯಿಂದ ಮನೆಗೆ ಒಂದಿಷ್ಟೇ ತಗ್ಗು. ಗುಡ್ಡದ ಕಡೆಯ ಗ್ಯಾನಪ್ಪನವರ ಮಾಳಿಗೆಯ ಮೇಲೆ ಬಿದ್ದ ಮಳೆ ಮುದಕಮ್ಮತ್ತೆಯವರ ಮಾಳಿಗೆ ದಾಟಿ, ನಮ್ಮದು ದಾಟಿ, ಖಲಂದರ ಸಾಹೇಬರದು ದಾಟಿ, ಕೊನೆಯ ಮನೆಯ ಕಲ್ಲಿನ ದೋಣಿಯಿಂದ ಬಾವಿಗೆ ಬೀಳುತ್ತಿತ್ತು. ನಡುವೆ ಯಾರೂ ನೀರನ್ನು ಬೀದಿಗೆ ಬಿಡುವಂತಿರಲಿಲ್ಲ, ಬಿಟ್ಟರೆ ಹಗೇವಿಗೆ ಇಳಿದು ಕಾಳು ಕೊಳೆಯುತ್ತಿತ್ತು. ಈಗ ಹಗೇವೂ ಇಲ್ಲ, ಕಾಳೂ ಇಲ್ಲ, ನೀರಿನ ದಾರಿ ಮಾತ್ರ ಹಾಗೇ ಉಳಿದಿತ್ತು. ರಜಾಕಾರರ ಗಲಾಟೆಯ ವರ್ಷದಲ್ಲಿ ನಿಮ್ಮ ಅಜ್ಜಿ ಹಸುಗೂಸನ್ನು ಎತ್ತಿಕೊಂಡು ಬೀದಿಗೆ ಕಾಲಿಡದೆ ಮಾಳಿಗೆಯ ಮೇಲಿಂದಲೇ ಓಣಿ ದಾಟಿದರು ಎಂದು ನೀವೇ ಹೇಳಿದ್ದಿರಿ. ಆ ಕಥೆಯನ್ನು ನೀವು ಈಗಲೂ ಅತಿಥಿಗಳಿಗೆ ಹೇಳುತ್ತೀರಿ. ಹೇಳುವಾಗ ನಿಮ್ಮ ಹಿಂದೆಯೇ ಆ ಗೋಡೆ ನಿಂತಿರುತ್ತದೆ.

ನೀವು ಮಣ್ಣು ತೆಗೆಸಿ ಸಿಮೆಂಟಿನ ಸ್ಲ್ಯಾಬ್ ಹಾಕಿಸುವುದಕ್ಕೆ ನಾನು ಬೇಡ ಅನ್ನಲಿಲ್ಲ. ಜಂತಿಯ ಸಂದಿನಿಂದ ಸಾರಿನ ತಾಟಿಗೆ ಮಣ್ಣು ಉದುರುವುದು, ಹಾಸಿಗೆಯಲ್ಲಿ ಚೇಳು ಸಿಗುವುದು, ಮಳೆಗಾಲದಲ್ಲಿ ಪಡಸಾಲೆಯ ತುಂಬ ಪಾತ್ರೆ ಇಡುವುದು, ಇವನ್ನು ಪರಂಪರೆ ಎಂದು ಹೊಗಳುವವರು ಅಲ್ಲಿ ಮಲಗಿದವರಲ್ಲ. ಸ್ಲ್ಯಾಬನ್ನು ಹಳೆಯ ಮಾಳಿಗೆಯ ಮಟ್ಟಕ್ಕೇ ಹಾಕಿಸಿದಿರಿ, ಅದು ಸರಿಯಾಗಿಯೇ ಇದೆ. ಆಮೇಲೆ ಹೋಂಸ್ಟೇ ಎಂಬ ಯೋಚನೆ ಬಂತು. ಆನೆಗೊಂದಿ, ಹಂಪಿ ನೋಡಲು ಬಂದವರು ಸಂಜೆ ಕೋಟೆ ನೋಡುತ್ತ ಕೂರಬೇಕು ಎಂದು ಮೇಲೆ ಬಿಳಿ ಟೈಲ್ಸು, ಬೆತ್ತದ ಕುರ್ಚಿ, ಮಿಣುಕು ದೀಪದ ಸರ. ಅತಿಥಿಗಳ ಮಕ್ಕಳು ಬೀಳಬಾರದೆಂದು ಸುತ್ತ ಗೋಡೆ. ಮೇಲಿನ ಮನೆಯ ಕೆಂಪು ನೀರು ಬಿಳಿ ಟೈಲ್ಸಿನ ಮೇಲೆ ಹರಿಯಬಾರದೆಂದು ಆ ಗೋಡೆಯಲ್ಲಿ ಒಂದು ಕಿಂಡಿಯನ್ನೂ ಬಿಡಿಸಲಿಲ್ಲ. ಕೆಳಗೆ ಪಡಸಾಲೆಯಲ್ಲಿ ಗಾಜು ಹಾಕಿಸಿ ತೂಗುಬಿಟ್ಟ ಇಂಗ್ಲಿಷ್ ಬರಹ ನನ್ನದು. 'ಇಡೀ ಓಣಿಗೆ ಒಂದೇ ಮಾಳಿಗೆ' ಎಂದು ನಾನೇ ಬರೆದದ್ದು ಅಲ್ಲಿದೆ. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಕಾಲೇಜಿಗೆ ಹೊರಡುವಾಗ ದಿನಾ ಅದನ್ನು ದಾಟಿ ಹೋಗಬೇಕು, ದಿನಾ ಸಿಟ್ಟು ಬರುತ್ತದೆ.

ಮಣ್ಣಿನ ದಿನ ಏನಾಯಿತೆಂದು ನಿಮಗೆ ಹೇಳಿರಲಿಲ್ಲ. ಜೂನಿನ ಮಿರಗದ ಮಳೆಗೆ ಮುಂಚೆ ಎಲ್ಲರೂ ಸೇರಿ ಮಾಳಿಗೆಗೆ ಮಣ್ಣು ಹಾಕುವ ದಿನ, ಕೊನೆಯ ಮನೆಯಿಂದ ಶುರುವಾಗಿ ಒಂದೊಂದೇ ಮನೆ ಮೇಲಕ್ಕೆ ಹೋಗುತ್ತದಲ್ಲ. ಆ ದಿನ ಮೇಲಿನ ಮನೆಯವರು ಕೆಳಗಿನ ಮನೆಯವರಿಗೆ ಗೋಧಿ ಹುಗ್ಗಿ ಕೊಡಬೇಕು, ವರ್ಷವಿಡೀ ತಮ್ಮ ನೀರನ್ನು ಅವರ ತಲೆಯ ಮೇಲೆ ಬಿಡುವುದಕ್ಕೆ. ನಾನು ಮದುವೆಯಾಗಿ ಬಂದಾಗಿನಿಂದ ಮುದಕಮ್ಮತ್ತೆಯವರ ಹುಗ್ಗಿ ತಪ್ಪಿರಲಿಲ್ಲ. ಅವರ ಗಂಡ ತೀರಿಹೋದ ವರ್ಷ ಸೊಸೆಯ ಕೈಯಲ್ಲಿ ಕಳಿಸಿದ್ದರು. ಈ ವರ್ಷ ನಮ್ಮದು ಟೈಲ್ಸಿನ ಮಾಳಿಗೆ, ಮಣ್ಣಿನ ಕೆಲಸವಿಲ್ಲ. ಆದರೂ ಅಡುಗೆ ಮಾಡದೆ ಕಾದೆ. ಮಧ್ಯಾಹ್ನ ಕಳೆದರೂ ಬರಲಿಲ್ಲ. ನಾಚಿಕೆ ಬಿಟ್ಟು ಅವರ ಕಟ್ಟೆಗೆ ಹೋದೆ. ಕಾಲು ಚಾಚಿಕೊಂಡು ಅಕ್ಕಿ ಹಸನು ಮಾಡುತ್ತಿದ್ದರು.

“ಬರ್ರಿ ಬಾಯಾರ, ಕುಂಡರ್ರಿ” ಎಂದರು. ಕಾಲೇಜಿನಲ್ಲಿ ಕಲಿಸುತ್ತೇನೆಂದು ಅವರು ನನ್ನನ್ನು ಹಾಗೆ ಕರೆಯುವುದು ಸಿಟ್ಟು ಬಂದಾಗ ಮಾತ್ರ. ಉಳಿದಂತೆ ನಾನು ಲೀಲವ್ವ.

“ಈ ವರ್ಷ ಹುಗ್ಗಿ ಮಾಡ್ಲಿಲ್ಲೇನ್ರಿ ಅತ್ತಿ?” ಎಂದು ನಗುತ್ತ ಕೇಳಿದೆ.

“ಮಾಡೀನಲ್ಲ. ನಾವs ಉಂಡ್ವಿ” ಎಂದರು. ಮೊರದಿಂದ ಕಣ್ಣೆತ್ತಲಿಲ್ಲ. “ನಿಮ್ಮ ತಲಿ ಮ್ಯಾಲ ಈಗ ನಮ್ಮ ನೀರು ಹೋಗಂಗಿಲ್ಲ. ಇಲ್ಲದ ನೀರಿಗೆ ಹುಗ್ಗಿ ಯಾಕ? ಸಿದ್ದೂಗ ಹೇಳ್ರಿ, ಗ್ವಾಡಿ ಭಾಳ ಛಲೋ ಕಟ್ಯಾನ. ನಮ್ಮ ನೀರಿಗಿ ಮೈಲಿಗಿ ಐತಿ ಅಂತ ನಮಗs ಗೊತ್ತಿದ್ದಿಲ್ಲ.”

ಅವರು ಬೈದಿದ್ದರೆ ಎದುರಾಡಬಹುದಿತ್ತು. ಮನೆಗೆ ಬಂದ ಮೇಲೆ, ನಾನಾದರೂ ಖಲಂದರ ಸಾಹೇಬರ ಮನೆಗೆ ಕೊಡಬೇಕಿತ್ತಲ್ಲ ಎಂದು ನೆನಪಾಯಿತು. ನಮ್ಮ ನೀರನ್ನೂ ನೀವು ಪೈಪಿನಲ್ಲಿ ಬೀದಿಗೆ ಇಳಿಸಿದ್ದೀರಿ. ಏನೆಂದು ಹೇಳಿ ಕೊಡಲಿ? ಕೊಡಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಅವರ ಮಾಳಿಗೆಯ ನೀರು, ಅದರ ಮೇಲಿನ ಗ್ಯಾನಪ್ಪನವರ ನೀರು, ಎಲ್ಲ ನಮ್ಮ ಗೋಡೆಗೆ ಬಂದು ನಿಂತಿತು. ಒಡ್ಡು ಕಟ್ಟಿದ ಹಾಗೆ. ನಿಂತ ನೀರು ಮಣ್ಣಿಗೆ ಇಳಿದು, ಎರಡೂ ಮನೆಗೆ ಸೇರಿದ ಗೋಡೆಗೆ ಇಳಿಯಿತು. ನಮ್ಮ ಕಡೆ ನೀವು ಸಿಮೆಂಟು ಬಳಿಸಿದ್ದೀರಿ, ಏನೂ ಕಾಣುವುದಿಲ್ಲ. ಅವರ ಕಡೆ ಗೋಡೆ ಹೊಟ್ಟೆ ಬಿಟ್ಟಿದೆ. ಸೊಸೆ ಮಹೇಶ್ವರಿ ತೊಟ್ಟಿಲನ್ನು ಆ ಕೋಣೆಯಿಂದ ತೆಗೆದು ಅಡುಗೆಮನೆಗೆ ಕಟ್ಟಿದ್ದಾಳೆ.

ನೀವು ಏನೂ ಮಾಡಲಿಲ್ಲ ಎಂದು ಹೇಳುತ್ತಿಲ್ಲ. ನೀವು ಕಳಿಸಿದ ಎಂಜಿನಿಯರ್ ಬಂದರು. “ಮೇಡಂ, ಸಿಂಪಲ್ ಐತ್ರಿ, ಒಂದು ಪೈಪ್ ಹಾಕಿಬಿಡಾಮು” ಎಂದು ಗೋಡೆಗೆ ಮುಂಗೈ ಗಾತ್ರದ ತೂತು ಕೊರೆಸಿ, ಪೈಪು ಕೂಡಿಸಿ, ಚಹಾ ಕುಡಿದು ಹೋದರು. ಮಣ್ಣಿನ ಮಾಳಿಗೆಯ ನೀರು ಬರಿ ನೀರಾಗಿ ಬರುವುದಿಲ್ಲವಲ್ಲ. ಮೊದಲ ಮಳೆಗೇ ಪೈಪಿನಲ್ಲಿ ರಾಡಿ ಮೆತ್ತಿಕೊಂಡು ಕಲ್ಲಾಯಿತು. ಫೋನ್ ಮಾಡಿದರೆ, “ಅವರಿಗೂ ಸ್ಲ್ಯಾಬ್ ಹಾಕ್ಸಾಕ ಹೇಳ್ರಿ ಮೇಡಂ, ಪ್ರಾಬ್ಲಮ್ಮs ಇರಂಗಿಲ್ಲ” ಎಂದರು. ಸರಕಾರಿ ಕಚೇರಿಯೊಂದಕ್ಕೂ ಹೋದೆ. ಅಲ್ಲಿದ್ದವರು ನಾನು ಬಿಡಿಸಿದ ಓಣಿಯ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಚಿತ್ರ ಛಲೋ ತಗದೀರಿ” ಎಂದು ಹೊಗಳಿದರು. ಬೀದಿ ನೀರಾದರೆ ತಮ್ಮದು, ನಳದ ನೀರಾದರೆ ತಮ್ಮದು. “ಮ್ಯಾಲಿಂದ ಬೀಳೋ ನೀರಿಗೆ ನಮ್ಮಲ್ಲಿ ಅರ್ಜಿ ಇಲ್ರಿ” ಎಂದರು. ಎಲ್ಲರೂ ಮರ್ಯಾದೆಯಿಂದಲೇ ಮಾತಾಡುತ್ತಾರೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯುವುದಿಲ್ಲ.

ಈಗ ಅವಸರದ ವಿಷಯ. ಎಂಜಿನಿಯರರ ಮಾತು ಯಮನೂರನ ಕಿವಿಗೂ ಬಿತ್ತು, ಅವನು ಅದನ್ನು ನಿಜವೆಂದೇ ತೆಗೆದುಕೊಂಡ. ಮುದಕಮ್ಮತ್ತೆಯವರ ಮಗ, ಹುಲಿಗಿಗೆ ಭಕ್ತರನ್ನು ಕರೆದೊಯ್ಯುವ ಟೆಂಪೊ ಓಡಿಸುವ ಆ ಹುಡುಗ ನಿಮ್ಮನ್ನು ಎಷ್ಟು ಹಚ್ಚಿಕೊಂಡವನು ಎಂದು ಹೇಳಬೇಕಾಗಿಲ್ಲ. ಹೋದ ವಾರ ಅವನ ಮನೆಯ ಮುಂದೆ ಕಬ್ಬಿಣದ ಸರಳು ಬಂದು ಬಿತ್ತು. ಆಷಾಢವೆಂದು ತಡೆದಿದ್ದಾನೆ, ಶ್ರಾವಣದ ಮೊದಲ ಸೋಮವಾರ ಕೆಲಸ ಹಿಡಿಯುತ್ತೇನೆ ಎಂದ.

ಕಾಲೇಜಿನಿಂದ ಬರುತ್ತಿದ್ದೆ, ಕಟ್ಟೆಯ ಮೇಲೆ ಅವನು, ಗ್ಯಾನಪ್ಪನವರು, ಖಲಂದರ ಸಾಹೇಬರು ಕೂತಿದ್ದರು. ಎಷ್ಟು ಎತ್ತರ ಹಾಕಿಸುತ್ತೀ ಎಂದು ಕೇಳಿದೆ.

“ಅಣ್ಣಾರಿಗಿಂತ ಒಂದು ಮೊಳ ಮ್ಯಾಲರಿ” ಎಂದ. “ಮತ್ತ ಸುತ್ತ ಗ್ವಾಡಿ. ನಾವೂ ಕುರ್ಚಿ ಹಾಕ್ಕೊಂಡು ಕ್ವಾಟಿ ನೋಡ್ತೀವಿ.”

“ಹಂಗಾದ್ರ ನನ್ನ ನೀರು?” ಎಂದರು ಗ್ಯಾನಪ್ಪನವರು.

“ನೀನೂ ಹಾಕ್ಸು ಕಾಕಾ. ನಿನಗ ಯಾರು ಬ್ಯಾಡಂದಾರ?”

“ಹಾಕಸ್ತೀನಿ, ಬಿಡ್ತೀನೇನು? ನಿನಗಿಂತ ಎರಡು ಮೊಳ ಮ್ಯಾಲ.”

ಖಲಂದರ ಸಾಹೇಬರು ಗಡ್ಡ ನೀವಿಕೊಳ್ಳುತ್ತ, “ಹಿಂಗs ಏರಿಸ್ಕೊಂತ ಹೋಗ್ರಿ. ಕ್ವಾಟಿ ಬುರುಜಿಗಿ ಮುಟ್ಟೂತ್ಲೇ ನಮ್ಮನ್ನೂ ಒಂದ್ಸಲ ಕರೀರಿ, ಹತ್ತಿ ನೋಡಿ ಬರ್ತೀವಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಬಂದ ಮೇಲೆ ಓಣಿಯ ನಕ್ಷೆ ತೆಗೆದು ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಒಬ್ಬೊಬ್ಬರೂ ಕೆಳಗಿನವರಿಗಿಂತ ಎತ್ತರ ಕಟ್ಟಿದರೆ ಕಟ್ಟಲಾರದವರ ಮನೆ ಮೊದಲು ಬೀಳುತ್ತದೆ, ಒಂದೇ ಗೋಡೆಯಾದ್ದರಿಂದ ಆಮೇಲೆ ಕಟ್ಟಿದವರದೂ ಬೀಳುತ್ತದೆ. ಯಾರೂ ಓಣಿಯನ್ನು ಕೆಡವಬೇಕು ಅಂದುಕೊಂಡಿಲ್ಲ. ಒಬ್ಬರ ಸೊಕ್ಕಿಗೆ ಇನ್ನೊಬ್ಬರು ಉತ್ತರ ಕೊಡುತ್ತಿದ್ದಾರೆ ಅಷ್ಟೇ. ಮೊದಲ ಮಾತು ನಮ್ಮ ಮನೆಯದು.

ಮುದಕಮ್ಮತ್ತೆಯವರ ಗೋಡೆಗಾಗಿ ಇಷ್ಟೆಲ್ಲ ಬರೆಯುತ್ತಿದ್ದೇನೆಯೋ, ನಿಮ್ಮನ್ನು ಸೋಲಿಸುವುದಕ್ಕೋ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಪೂರ್ತಿ ಉತ್ತರ ಸಿಗಲಿಲ್ಲ. ನೀವು ಗಂಗಾವತಿಯಲ್ಲಿ ಉಳಿಯತೊಡಗಿದ್ದು ವ್ಯಾಪಾರಕ್ಕಾಗಿ ಎಂದು ನೀವು ಹೇಳುತ್ತೀರಿ, ನನ್ನ ಮಾತಿಗಾಗಿ ಎಂದು ನಾನು ತಿಳಿದಿದ್ದೇನೆ. ಯಾವುದಕ್ಕೂ ನಾನು ತಕ್ಷಣ ಹೌದು ಅನ್ನುವುದಿಲ್ಲ, ಎಲ್ಲದಕ್ಕೂ ಅಡಿಟಿಪ್ಪಣಿ ಹಾಕುತ್ತೇನೆ ಎಂದು ಒಮ್ಮೆ ಅಂದಿದ್ದಿರಿ. ನಿಜವಿರಬಹುದು. ಮುನ್ನೂರು ವರ್ಷ ಎಂದು ನೀವು ಸಂತೋಷದಿಂದ ಹೇಳುವಾಗ ನೂರೈವತ್ತು ಎಂದು ನಾನು ಅತಿಥಿಗಳ ಎದುರೇ ತಿದ್ದಬಾರದಿತ್ತೇನೋ. ಆದರೆ ಈ ನೀರಿನ ವಿಷಯ ಅಂಥದಲ್ಲ. ಇದರಲ್ಲಿ ನಾನು ಹೇಳುವುದನ್ನು ನೀವು ಬಾಲ್ಯದಲ್ಲೇ ಕಣ್ಣಾರೆ ಕಂಡಿದ್ದೀರಿ. ಮಳೆ ಬಂದಾಗ ಮಾಳಿಗೆಯ ಮೇಲೆ ಕಾಗದದ ದೋಣಿ ಬಿಟ್ಟು, ಮನೆಯಿಂದ ಮನೆಗೆ ಅದರ ಹಿಂದೆ ಓಡುತ್ತಿದ್ದೆ ಎಂದು ಮಗಳಿಗೆ ಹೇಳಿದವರು ನೀವು. ಅಂಥವರಿಗೆ ನಾನು ನಕ್ಷೆ ಬಿಡಿಸಿ ತಿಳಿಸಬೇಕೆ? ಸಿಟ್ಟು ಬರುವುದು ಅದಕ್ಕೇ. ತಿಳಿಯದವರ ಜೊತೆ ತಾಳ್ಮೆಯಿಂದ ಇರಬಲ್ಲೆ, ನನ್ನ ಕೆಲಸವೇ ಅದು. ತಿಳಿದೂ ಹೆಬ್ಬೆರಳು ಕಳಿಸುವವರ ಜೊತೆ ಹೇಗಿರಬೇಕೋ ಗೊತ್ತಿಲ್ಲ.

ಮನೆ ನಿಮ್ಮ ಹೆಸರಿನಲ್ಲಿದೆ, ಗೋಡೆ ನಿಮ್ಮದು, ನಿಮ್ಮನ್ನು ಕೇಳದೆ ಮುಟ್ಟಬಾರದು ಎಂಬುದನ್ನು ಒಪ್ಪುತ್ತೇನೆ. ಟೈಲ್ಸಿನ ಮೇಲೆ ಕೆಂಪು ನೀರು ಹರಿಯುತ್ತದೆ, ಅದೂ ನಿಜ. ಮಳೆ ನಿಂತ ಮೇಲೆ ನಾನು ತೊಳೆಸುತ್ತೇನೆ. ಬಂದವರು ಇದೇನು ಎಂದು ಕೇಳಿದರೆ ಹೇಳಲು ನಿಮಗೆ ಒಂದು ಕಥೆ ಹೆಚ್ಚಾಗುತ್ತದೆ. ಬೇಕಾದರೆ ಅದಕ್ಕೂ ಮುನ್ನೂರು ವರ್ಷ ಎಂದು ಸೇರಿಸಿ, ಈ ಸಲ ನಾನು ತಿದ್ದುವುದಿಲ್ಲ.

ಅನುಷಾ ಧಾರವಾಡದಲ್ಲಿ ಕ್ಷೇಮ. ಪರೀಕ್ಷೆ ಮುಗಿದ ಮೇಲೆ ಮೊದಲು ಇಲ್ಲಿಗೆ ಬರುವುದೋ ಅಲ್ಲಿಗೋ ಎಂದು ನನ್ನನ್ನು ಕೇಳಿದಳು. ಅಪ್ಪನನ್ನು ಕೇಳು ಎಂದೆ.

ಹೌದು ಎಂದು ಬರೆಯಿರಿ. ಹೆಬ್ಬೆರಳು ಬೇಡ, ಅಕ್ಷರದಲ್ಲಿ ಬರೆಯಿರಿ.

ನಿಮ್ಮ ಮನೆಯಲ್ಲೇ ಇರುವ,
ಶಿವಲೀಲಾ

ತಾ.ಕ.: ಮೇಲೆ 'ಒಡೆಸಿ ನೀರಿಗೆ ದಾರಿ ಬಿಡಬೇಕು' ಎಂದು ಬರೆದದ್ದು ಪೂರ್ತಿ ನಿಜವಲ್ಲ. ಕಳೆದ ಭಾನುವಾರ ಮಧ್ಯಾಹ್ನ ಜೋರು ಮಳೆ ಬಂತು. ಮಾಳಿಗೆ ಹತ್ತಿ ನೋಡಿದರೆ ಮುದಕಮ್ಮತ್ತೆಯವರು ಸೀರೆ ಎತ್ತಿಕಟ್ಟಿ, ನಮ್ಮ ಗೋಡೆಗೆ ನಿಂತ ನೀರನ್ನು ಬೋಗುಣಿಯಿಂದ ತೋಡಿ ತೋಡಿ ಬೀದಿಗೆ ಚೆಲ್ಲುತ್ತಿದ್ದರು. ಈ ವಯಸ್ಸಿನಲ್ಲಿ. ಹಿತ್ತಿಲಿನಿಂದ ಹಾರೆ ತಂದು ಗೋಡೆ ಒಡೆಯತೊಡಗಿದೆ. ನನಗೆ ಹಾರೆ ಹಿಡಿದು ಗೊತ್ತಿಲ್ಲ. “ಕಾಲ ಮ್ಯಾಲ ಹಾಕ್ಕೊಂಡೀರಿ ಬಾಯಾರ! ಅದೇನು ಪೆನ್ನು ಹಿಡದಂಗ ಹಿಡದೀರಿ!” ಎಂದು ಅವರು ಆ ಕಡೆಯಿಂದ ಕೂಗುತ್ತಲೇ ಇದ್ದರು. ಕೆಳಗಿನ ಕಡೆಯದನ್ನು ಖಲಂದರ ಸಾಹೇಬರು ತಾವೇ ಬಂದು ಒಡೆದರು. ನೀರು ಹೋಯಿತು.

ಅಷ್ಟರಲ್ಲಿ ಯಮನೂರ ಹತ್ತಿ ಬಂದು, “ಅಣ್ಣಾರು ಒಡೀರಿ ಅಂದ್ರೇನ್ರಿ?” ಎಂದು ಕೇಳಿದ. ಹೌದು, ಬೆಳಿಗ್ಗೆ ಫೋನ್ ಮಾಡಿ ಹೇಳಿದರು ಎಂದೆ. ಯಾಕೆ ಹಾಗೆ ಹೇಳಿದೆನೋ. ಅವನ ಮುಖ ನೋಡಿದಾಗ, ನಾನು ಒಡೆದರೆ ಅದು ಗಂಡ ಹೆಂಡಿರ ಜಗಳವಾಗುತ್ತದೆ, ನೀವು ಒಡೆಸಿದರೆ ಓಣಿಯ ಮಾತಾಗುತ್ತದೆ ಅನ್ನಿಸಿತು. ಅವನು ಹರಿದು ಹೋಗುವ ನೀರನ್ನು ನೋಡಿ, “ಅಣ್ಣಾರು ಬರ್ಲಿ. ಅವರ ಬಾಯಿಲೆ ಒಂದು ಮಾತು ಕೇಳಿ ಕಬ್ಬಿಣ ವಾಪಸ್ ಕಳಸ್ತೀನಿ” ಎಂದ.

ಆದ್ದರಿಂದ ಶ್ರಾವಣಕ್ಕೆ ಮುಂಚೆ ಒಂದು ದಿನ ಬನ್ನಿ. ನನ್ನನ್ನು ಬೈಯುವುದಿದ್ದರೆ ಒಳಗೆ ಬಂದು ಬೈಯಿರಿ, ಮೊದಲು ಅವನ ಕಟ್ಟೆಗೆ ಹೋಗಿ. ಕೇಳಿದರೆ ಹೌದು ಅನ್ನಿ.